ಇಂಗ್ಲಿಷ್ ತಪ್ಪುಗಳ ಬೇರು ಕನ್ನಡದ ವಾಕ್ಯದಲ್ಲಿದೆ: ಬರಹ ತಿದ್ದಿಕೊಳ್ಳುವ ದಾರಿ

ಇಂಗ್ಲಿಷ್ ಸುಧಾರಿಸಿಕೊಳ್ಳಬೇಕು ಎಂದು ಹೊರಟವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ದಪ್ಪನೆಯ ವ್ಯಾಕರಣ ಪುಸ್ತಕ ಕೊಳ್ಳುವುದು. ನಾಮಪದದ ಪಾಠ ಮುಗಿಯುತ್ತದೆ, ಸರ್ವನಾಮದ ಪಾಠ ಅರ್ಧಕ್ಕೆ ಬರುತ್ತದೆ, ಅಷ್ಟರಲ್ಲಿ ಹುಮ್ಮಸ್ಸು ಇಳಿದು ಪುಸ್ತಕ ಕಪಾಟು ಸೇರುತ್ತದೆ. ಹಾಸನದಲ್ಲಿ ಪದವಿ ಮುಗಿಸಿದ ಹುಡುಗ ಹುಡುಗಿಯರ ಉದ್ಯೋಗದ ಅರ್ಜಿ, ಸಕಲೇಶಪುರದ ಕಡೆಯ ಹೋಂಸ್ಟೇಯವರ ಇ-ಮೇಲ್, ಕಾಫಿ ತೋಟದ ಲೆಕ್ಕಪತ್ರ ಬರೆಯುವ ರೈಟರುಗಳ ವರದಿ ಇವನ್ನೆಲ್ಲ ತಿದ್ದಿಕೊಡುವ ಕೆಲಸದಲ್ಲಿ ನಾನು ಕಂಡದ್ದೇ ಬೇರೆ. ತಪ್ಪುಗಳ ಬಗೆಗಳು ಬಹಳವಿಲ್ಲ. ಅವೇ ಕೆಲವು ತಪ್ಪುಗಳು ಎಲ್ಲರ ಬರಹದಲ್ಲೂ ತಿರುತಿರುಗಿ ಬರುತ್ತವೆ. ಅವುಗಳಲ್ಲಿ ಬಹುಪಾಲು, ತಲೆಯಲ್ಲಿ ಕನ್ನಡದ ವಾಕ್ಯ ಕಟ್ಟಿ ಅದರೊಳಗೆ ಇಂಗ್ಲಿಷ್ ಶಬ್ದ ತುಂಬಿದ್ದರಿಂದ ಆದವು.

ಹಾಗಾಗಿ ಕನ್ನಡ ನಮ್ಮನ್ನು ಎಲ್ಲೆಲ್ಲಿ ಎಳೆಯುತ್ತದೆ ಎಂದು ತಿಳಿದರೆ ತಪ್ಪು ಎಲ್ಲಿ ಬೀಳುತ್ತದೆ ಎಂದೂ ತಿಳಿಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದೆವು ಎಂದು ಕೊರಗುವವರಿಗೆ ಇಲ್ಲೊಂದು ಅನುಕೂಲವಿದೆ. ಪ್ರೌಢಶಾಲೆಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿದವರು ಈ ಜಾಗಗಳನ್ನು ಬೇಗ ಗುರುತಿಸುತ್ತಾರೆ.

ಮೊದಲು ನಿಮ್ಮದೇ ಬರಹ ತೆಗೆಯಿರಿ

ಕಳೆದ ಕೆಲವು ತಿಂಗಳಲ್ಲಿ ನೀವು ಇಂಗ್ಲಿಷಿನಲ್ಲಿ ಬರೆದು ಕಳುಹಿಸಿದ ಇ-ಮೇಲ್, ಅರ್ಜಿ, ವಾಟ್ಸ್‌ಆ್ಯಪ್ ಸಂದೇಶಗಳನ್ನು ಹುಡುಕಿ ತೆಗೆಯಿರಿ. ಕಳುಹಿಸಿದವೇ ಆಗಬೇಕು, ಅಭ್ಯಾಸಕ್ಕೆಂದು ಬರೆದವು ಬೇಡ. ಅಭ್ಯಾಸಕ್ಕೆ ಬರೆಯುವಾಗ ಎಲ್ಲರೂ ಎಚ್ಚರದಲ್ಲಿರುತ್ತಾರೆ. ಅವಸರದಲ್ಲಿ ಬರೆದದ್ದರಲ್ಲೇ ನಿಜವಾದ ಚಾಳಿ ಕಾಣುವುದು. ಅವುಗಳನ್ನು ಸಾಧ್ಯವಾದರೆ ಕಾಗದದ ಮೇಲೆ ಮುದ್ರಿಸಿಕೊಳ್ಳಿ ಅಥವಾ ಕೈಯಲ್ಲಿ ನಕಲು ಮಾಡಿಕೊಳ್ಳಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಎಡಪುಟದಲ್ಲಿ ನೀವು ಬರೆದ ವಾಕ್ಯ, ಬಲಪುಟದಲ್ಲಿ ತಿದ್ದಿದ ವಾಕ್ಯ, ಅದರ ಕೆಳಗೆ ನಿಮ್ಮ ಮನಸ್ಸಿನಲ್ಲಿದ್ದ ಕನ್ನಡ ವಾಕ್ಯ ಬರೆಯಿರಿ. ಈ ಮೂರನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಅದೇ ಮುಖ್ಯ, ಏಕೆಂದರೆ ತಪ್ಪು ಹುಟ್ಟಿದ್ದು ಅಲ್ಲಿ.

ಕ್ರಿಯಾಪದದಿಂದ ಶುರು ಮಾಡಿ

‘ನಾನು 2019ರಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ.’ ಕನ್ನಡದಲ್ಲಿ ಇದಕ್ಕೆ ಹೆಸರಿಡುವಂತಿಲ್ಲ. ಇದನ್ನೇ ಇಂಗ್ಲಿಷಿಗೆ ಇಳಿಸಿದರೆ ‘ಐ ಆ್ಯಮ್ ವರ್ಕಿಂಗ್ ಹಿಯರ್ ಫ್ರಮ್ 2019’ ಎಂದಾಗುತ್ತದೆ. ನಮ್ಮ ಕಡೆಯ ಅರ್ಜಿಗಳಲ್ಲಿ ಅತಿ ಹೆಚ್ಚು ಕಾಣುವ ವಾಕ್ಯಗಳಲ್ಲಿ ಇದೂ ಒಂದು. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ ಇಂಗ್ಲಿಷ್ ಬೇರೆಯೇ ರೂಪ ಇಟ್ಟುಕೊಂಡಿದೆ: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2019’. ಗುರುತು ಹಿಡಿಯುವುದು ಸುಲಭ. ನಿಮ್ಮ ಕನ್ನಡ ವಾಕ್ಯದಲ್ಲಿ ಕಾಲದ ಜೊತೆ ‘ಇಂದ’ ಇದ್ದು, ಕೊನೆಯಲ್ಲಿ ‘ಉತ್ತಿದ್ದೇನೆ’ ಅಥವಾ ‘ಉತ್ತಿದ್ದಾರೆ’ ಬಂದರೆ ಇಂಗ್ಲಿಷಿನಲ್ಲಿ ‘ಹ್ಯಾವ್ ಬೀನ್’ ಅಥವಾ ‘ಹ್ಯಾಸ್ ಬೀನ್’ ಬೇಕು.

ಅದೇ ‘ಇಂದ’ ಇನ್ನೊಂದು ಗುಂಡಿಯನ್ನೂ ತೋಡಿಟ್ಟಿದೆ. ‘2019ರಿಂದ’ ಎನ್ನುತ್ತೇವೆ, ‘ಮೂರು ವರ್ಷದಿಂದ’ ಎಂದೂ ಎನ್ನುತ್ತೇವೆ. ಕನ್ನಡಕ್ಕೆ ಎರಡೂ ಒಂದೇ. ಇಂಗ್ಲಿಷಿಗೆ ಒಂದಲ್ಲ. ‘ಯಾವಾಗಿನಿಂದ?’ ಎಂಬ ಪ್ರಶ್ನೆಗೆ ಉತ್ತರವಾದರೆ ‘ಸಿನ್ಸ್’, ‘ಎಷ್ಟು ಕಾಲದಿಂದ?’ ಎಂಬುದಕ್ಕಾದರೆ ‘ಫಾರ್’. ‘ಸಿನ್ಸ್ ತ್ರೀ ಇಯರ್ಸ್’ ಎಂಬುದು ಯಾವ ಸಂದರ್ಭದಲ್ಲೂ ಸರಿಯಲ್ಲ. ‘ಫಾರ್ ತ್ರೀ ಇಯರ್ಸ್’ ಎಂದೇ ಬರೆಯಬೇಕು.

ಎರಡನೆಯದು ‘ಹೋಗಿದ್ದೆ’. ನಿನ್ನೆ ಬೇಲೂರಿಗೆ ಹೋಗಿ ಬಂದವರು ‘ನಿನ್ನೆ ಬೇಲೂರಿಗೆ ಹೋಗಿದ್ದೆ’ ಎನ್ನುತ್ತಾರೆ. ಆ ‘ಇದ್ದೆ’ ನೇರವಾಗಿ ‘ಹ್ಯಾಡ್’ ಆಗಿ ಇಳಿಯುತ್ತದೆ: ‘ಐ ಹ್ಯಾಡ್ ಗಾನ್ ಟು ಬೇಲೂರ್ ಯೆಸ್ಟರ್ಡೇ’. ಇಂಗ್ಲಿಷಿನ ‘ಹ್ಯಾಡ್’ ಒಂಟಿಯಾಗಿ ನಿಲ್ಲುವುದಿಲ್ಲ. ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ಎಂದು ತೋರಿಸಲು ಮಾತ್ರ ಅದು ಬೇಕು. ‘ದಿ ಬಸ್ ಹ್ಯಾಡ್ ಲೆಫ್ಟ್ ವೆನ್ ಐ ರೀಚ್ಡ್ ದಿ ಸ್ಟ್ಯಾಂಡ್’ ಸರಿ, ಏಕೆಂದರೆ ಬಸ್ ಹೊರಟದ್ದು ಮೊದಲು, ನಾನು ತಲುಪಿದ್ದು ಆಮೇಲೆ. ಬೇಲೂರಿನ ಪ್ರವಾಸಕ್ಕೆ ‘ಐ ವೆಂಟ್’ ಸಾಕು.

ಅರ್ಜಿ ಬರೆಯುವವರು ಮುಖ್ಯವಾಗಿ ನೋಡಿಕೊಳ್ಳಬೇಕಾದ ವಾಕ್ಯ: ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿ.ಕಾಂ. ಇನ್ 2022’. ಮುಗಿದುಹೋದ ವರ್ಷ ಅಥವಾ ತಾರೀಖು ಹೇಳಿದ ಮೇಲೆ ‘ಹ್ಯಾವ್’ ಕೂಡದು. ‘ಐ ಕಂಪ್ಲೀಟೆಡ್ ಮೈ ಬಿ.ಕಾಂ. ಇನ್ 2022’ ಎನ್ನಿ. ವರ್ಷ ಹೇಳದಿದ್ದರೆ ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿ.ಕಾಂ.’ ಸರಿಯೇ.

‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂಬುದನ್ನು ಎಷ್ಟು ತಿದ್ದಿದರೂ ಅದು ಮತ್ತೆ ಚಿಗುರುತ್ತದೆ. ಇರುವುದು, ತಿಳಿದಿರುವುದು, ಬೇಕಾಗಿರುವುದು, ಇಷ್ಟವಾಗುವುದು ಇವೆಲ್ಲ ಸ್ಥಿತಿಗಳು, ಮಾಡುವ ಕೆಲಸಗಳಲ್ಲ. ಅಂಥ ಕ್ರಿಯಾಪದಗಳಾದ ಹ್ಯಾವ್, ನೋ, ಅಂಡರ್‌ಸ್ಟ್ಯಾಂಡ್, ವಾಂಟ್, ನೀಡ್, ಬಿಲಾಂಗ್ ಇವಕ್ಕೆ ‘ಇಂಗ್’ ಅಂಟಿಸಬೇಡಿ. ಕಾಫಿ ಕುಡಿಯುತ್ತಿದ್ದೇನೆ ಎಂಬ ಅರ್ಥದಲ್ಲಿ ‘ಐ ಆ್ಯಮ್ ಹ್ಯಾವಿಂಗ್ ಕಾಫಿ’ ಎಂದರೆ ತಪ್ಪೇನಿಲ್ಲ, ಅದು ಕೆಲಸವೇ.

‘ಡಿಡ್’ ಬಂದ ಮೇಲೆ ಭೂತಕಾಲದ ಹೊರೆ ಇಳಿಯಿತು ಎಂದು ತಿಳಿಯಿರಿ. ‘ಡಿಡ್ ನಾಟ್ ರಿಸೀವ್ಡ್’ ಅಲ್ಲ, ‘ಡಿಡ್ ನಾಟ್ ರಿಸೀವ್’. ಇನ್ನು ಮಾಡುತ್ತಾನೆ, ಮಾಡುತ್ತಾಳೆ, ಮಾಡುತ್ತದೆ ಎಂದು ಒಬ್ಬೊಬ್ಬರಿಗೂ ಒಂದೊಂದು ರೂಪ ಇಟ್ಟುಕೊಂಡ ನಾವು, ಇಂಗ್ಲಿಷ್ ಕೇಳುವ ಒಂದೇ ಒಂದು ‘ಎಸ್’ ಅನ್ನು ಮರೆಯುವುದು ತಮಾಷೆಯೇ ಸರಿ. ಕರ್ತೃ ಮತ್ತು ಕ್ರಿಯಾಪದದ ನಡುವೆ ದೂರ ಹೆಚ್ಚಿದಾಗ ಈ ಮರೆವು ಜೋರು. ‘ದಿ ಕ್ವಾಲಿಟಿ ಆಫ್ ದಿ ಬೀನ್ಸ್ ಆರ್ ಗುಡ್’ ಎಂದು ಬರೆಯುವವರ ಕಿವಿಯಲ್ಲಿ ‘ಬೀನ್ಸ್’ ಗುಂಯ್‌ಗುಡುತ್ತಿರುತ್ತದೆ. ಚೆನ್ನಾಗಿರುವುದು ಗುಣಮಟ್ಟ, ಅದು ಏಕವಚನ, ಆದ್ದರಿಂದ ‘ಈಸ್’.

‘ಎ’, ‘ಆ್ಯನ್’, ‘ದಿ’: ಕನ್ನಡದಲ್ಲಿ ಇಲ್ಲದ್ದು

ಆರ್ಟಿಕಲ್ ಎಂಬ ವಸ್ತು ನಮ್ಮ ಭಾಷೆಯಲ್ಲಿಲ್ಲ. ಹಾಗಾಗಿ ಕೆಲವರು ಅದನ್ನು ಎಲ್ಲ ಕಡೆ ಬಿಡುತ್ತಾರೆ, ಕೆಲವರು ಹೆದರಿ ಎಲ್ಲ ಕಡೆ ‘ದಿ’ ಚಿಮುಕಿಸುತ್ತಾರೆ. ಒಂದು ಪರೀಕ್ಷೆ ಹೆಚ್ಚಿನ ಸಲ ಕೈಹಿಡಿಯುತ್ತದೆ. ಎಣಿಸಬಹುದಾದ ಒಂದೇ ವಸ್ತುವಿನ ಮುಂದೆ ಕನ್ನಡದಲ್ಲಿ ‘ಒಂದು’ ಅಥವಾ ‘ಯಾವುದೋ ಒಂದು’ ಇಟ್ಟು ನೋಡಿ. ಹೊಂದಿದರೆ ‘ಎ’. ‘ಆ’ ಅಥವಾ ‘ಅದೇ’ ಹೊಂದಿದರೆ ‘ದಿ’. ಬಹುವಚನದಲ್ಲೋ ಅಕ್ಕಿ, ನೀರಿನಂಥ ವಸ್ತುವಿನಲ್ಲೋ ಎರಡೂ ಹೊಂದದಿದ್ದರೆ ಏನೂ ಬೇಡ. ‘ವಿ ಬಾಟ್ ಎ ಪಲ್ಪರ್ ಲಾಸ್ಟ್ ಇಯರ್. ದಿ ಪಲ್ಪರ್ ನೀಡ್ಸ್ ರಿಪೇರ್.’ ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಮೊದಲ ಸಲ ಓದುಗರಿಗೆ ಯಾವ ಪಲ್ಪರ್ ಎಂದು ಗೊತ್ತಿಲ್ಲ. ಎರಡನೇ ವಾಕ್ಯಕ್ಕೆ ಬರುವಾಗ ಅದು ಗೊತ್ತಾದ ಯಂತ್ರ.

‘ಎ’ ಮತ್ತು ‘ಆ್ಯನ್’ ನಡುವಿನ ಆಯ್ಕೆಯಲ್ಲಿ ಕನ್ನಡ ಲಿಪಿಯೇ ಸಹಾಯಕ್ಕೆ ಬರುತ್ತದೆ, ಏಕೆಂದರೆ ಇಲ್ಲಿ ಮುಖ್ಯವಾದದ್ದು ಉಚ್ಚಾರ, ಸ್ಪೆಲಿಂಗ್ ಅಲ್ಲ. ಮುಂದಿನ ಶಬ್ದವನ್ನು ಕನ್ನಡದಲ್ಲಿ ಬರೆದು ನೋಡಿ. ಸ್ವರದಿಂದ ಶುರುವಾದರೆ ‘ಆ್ಯನ್’, ವ್ಯಂಜನದಿಂದ ಶುರುವಾದರೆ ‘ಎ’. ಯೂನಿವರ್ಸಿಟಿ ‘ಯ’ದಿಂದ ಶುರು, ಆದ್ದರಿಂದ ‘ಎ ಯೂನಿವರ್ಸಿಟಿ’. ಗಂಟೆ ಎಂಬರ್ಥದ ‘ಅವರ್’ನಲ್ಲಿ ‘ಎಚ್’ ಬರೆದರೂ ಉಚ್ಚರಿಸುವುದಿಲ್ಲ, ಆದ್ದರಿಂದ ‘ಆ್ಯನ್ ಅವರ್’. ಹಾಸನದಲ್ಲಿ 1982ರಿಂದ ಕೆಲಸ ಮಾಡುತ್ತಿರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯ ಉದ್ಯೋಗಿಯನ್ನು ‘ಆ್ಯನ್ ಎಂಸಿಎಫ್ ಎಂಜಿನಿಯರ್’ ಎನ್ನಬೇಕು. ‘ಎಂ’ ಅಕ್ಷರ ವ್ಯಂಜನವಾದರೂ ಅದರ ಹೆಸರಿನ ಉಚ್ಚಾರ ‘ಎ’ಯಿಂದ ಶುರು. ಎಂಎಲ್ಎ, ಎಸ್ಸೆಸ್ಸೆಲ್ಸಿ ಇವಕ್ಕೂ ಹಾಗೆಯೇ. ಒಂದು ಎಚ್ಚರಿಕೆ: ನಮ್ಮ ನಾಲಿಗೆಗೆ ‘ಎ’ ಮುಂದೆ ಒಂದು ‘ಯ’, ‘ಒ’ ಮುಂದೆ ಒಂದು ‘ವ’ ಸೇರಿಸುವ ಅಭ್ಯಾಸವಿದೆ. ‘ಯೆಗ್’, ‘ವೊಪನ್’ ಎಂದು ಹೇಳಿಕೊಂಡು ಪರೀಕ್ಷೆ ಮಾಡಿದರೆ ಉತ್ತರ ತಿರುಗಮುರುಗವಾಗುತ್ತದೆ. ಒಂದು ಎಂಬರ್ಥದ ‘ಒನ್’ ಮಾತ್ರ ನಿಜವಾಗಿಯೂ ‘ವ’ ಧ್ವನಿಯಿಂದಲೇ ಶುರುವಾಗುತ್ತದೆ. ಹಾಗಾಗಿ ‘ಎ ಒನ್-ಡೇ ಟ್ರಿಪ್’.

ಊರು, ನದಿ, ಬೆಟ್ಟಗಳ ಹೆಸರಿಗೆ ಬಂದರೆ ಪ್ರವಾಸಿಗರಿಗೆ ಮಾಹಿತಿ ಬರೆಯುವವರು ಎಡವುತ್ತಾರೆ. ಊರು, ತಾಲ್ಲೂಕುಗಳ ಹೆಸರಿಗೆ ‘ದಿ’ ಇಲ್ಲ: ಹಾಸನ್, ಅರಕಲಗೂಡು, ಸಕಲೇಶಪುರ. ನದಿಗೆ ಉಂಟು: ದಿ ಹೇಮಾವತಿ, ದಿ ಯಗಚಿ. ಒಂಟಿ ಬೆಟ್ಟಕ್ಕೆ ಇಲ್ಲ: ಮುಳ್ಳಯ್ಯನಗಿರಿ. ಬೆಟ್ಟಸಾಲಿಗೆ ಉಂಟು: ದಿ ವೆಸ್ಟರ್ನ್ ಘಾಟ್ಸ್. ದೇವಾಲಯದ ಹೆಸರಿನ ಕೊನೆಗೆ ‘ಟೆಂಪಲ್’ ಬಂದರೆ ಸಾಮಾನ್ಯವಾಗಿ ‘ದಿ’ ಬರುತ್ತದೆ: ದಿ ಚೆನ್ನಕೇಶವ ಟೆಂಪಲ್ ಇನ್ ಬೇಲೂರ್. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಈ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವ ಸಂದರ್ಭ ನಮ್ಮಲ್ಲಿ ಅನೇಕರಿಗೆ ಬರುತ್ತಿದೆ. ಒಂದು ಚೀಟಿಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳುವಷ್ಟು ಚಿಕ್ಕ ಪಟ್ಟಿ ಇದು.

ವಿಭಕ್ತಿ ಪ್ರತ್ಯಯ ಪ್ರಿಪೊಸಿಷನ್ ಆಗುವಾಗ

ಸಪ್ತಮಿಯ ‘ಅಲ್ಲಿ’ ನೋಡಿ. ಹಾಸನದಲ್ಲಿ, ಬಸ್ ನಿಲ್ದಾಣದಲ್ಲಿ, ಬಸ್ಸಿನಲ್ಲಿ, ಬಿ.ಎಂ. ರಸ್ತೆಯಲ್ಲಿ. ನಾಲ್ಕೂ ಕಡೆ ಅದೇ ಪ್ರತ್ಯಯ. ಇಂಗ್ಲಿಷಿನಲ್ಲಿ ‘ಇನ್ ಹಾಸನ್’, ‘ಆ್ಯಟ್ ದಿ ಬಸ್ ಸ್ಟ್ಯಾಂಡ್’, ‘ಆನ್ ದಿ ಬಸ್’, ‘ಆನ್ ಬಿ.ಎಂ. ರೋಡ್’. ಊರು ಒಂದು ಆವರಣ, ಅದರೊಳಗೆ ಎಂಬುದಕ್ಕೆ ‘ಇನ್’. ನಿಲ್ದಾಣ ನಕ್ಷೆಯ ಮೇಲಿನ ಒಂದು ಬಿಂದು, ಅಲ್ಲಿಗೆ ‘ಆ್ಯಟ್’. ರಸ್ತೆ ಒಂದು ಗೆರೆ, ಅದರ ಮೇಲೆ ಎಂಬುದಕ್ಕೆ ‘ಆನ್’. ಎದ್ದು ಓಡಾಡಬಹುದಾದ ವಾಹನಗಳಿಗೆ, ಅಂದರೆ ಬಸ್ಸು, ರೈಲಿಗೆ, ‘ಆನ್’. ಕಾರು, ಆಟೋಗಳಿಗೆ ‘ಇನ್’. ಕಾಲಕ್ಕೆ ಬಂದರೆ ತಿಂಗಳು ಮತ್ತು ವರ್ಷಕ್ಕೆ ‘ಇನ್’, ದಿನ ಮತ್ತು ತಾರೀಖಿಗೆ ‘ಆನ್’, ಗಡಿಯಾರದ ಸಮಯಕ್ಕೆ ‘ಆ್ಯಟ್’.

ಚತುರ್ಥಿಯ ‘ಗೆ’ ಇನ್ನಷ್ಟು ಕಾಡುತ್ತದೆ. ‘ಅವರಿಗೆ ಹೇಳಿದೆ’ ಎಂಬುದರಿಂದ ‘ಐ ಟೋಲ್ಡ್ ಟು ಹಿಮ್’, ‘ಹಾಸನಕ್ಕೆ ತಲುಪಿದೆ’ ಎಂಬುದರಿಂದ ‘ಐ ರೀಚ್ಡ್ ಟು ಹಾಸನ್’. ಎರಡರಲ್ಲೂ ‘ಟು’ ತೆಗೆದುಹಾಕಿ. ‘ಬಗ್ಗೆ ಚರ್ಚಿಸಿದೆವು’ ಎಂಬುದು ‘ಡಿಸ್ಕಸ್ಡ್ ಅಬೌಟ್’ ಆಗುತ್ತದೆ, ಅಲ್ಲಿ ‘ಅಬೌಟ್’ ಹೆಚ್ಚಾಯಿತು. ‘ಅವರ ಮೇಲೆ ಕೋಪ’ ಎಂಬುದು ‘ಆ್ಯಂಗ್ರಿ ಆನ್’ ಆಗುತ್ತದೆ, ಬೇಕಾದದ್ದು ‘ಆ್ಯಂಗ್ರಿ ವಿತ್’. ‘ಗಣಿತದಲ್ಲಿ ಜಾಣ’ ಎಂಬುದಕ್ಕೆ ‘ಗುಡ್ ಆ್ಯಟ್ ಮ್ಯಾಥ್ಸ್’. ಇವುಗಳಿಗೆ ಸೂತ್ರ ಹುಡುಕಿ ಪ್ರಯೋಜನವಿಲ್ಲ. ಕ್ರಿಯಾಪದವನ್ನು ಅದರ ಜೊತೆಗಾರನೊಂದಿಗೇ ಕಲಿಯಬೇಕು. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟುಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅವು ಪ್ರತಿ ಶಬ್ದದ ಕೆಳಗೆ ಉದಾಹರಣೆ ವಾಕ್ಯ ಕೊಡುತ್ತವೆ. ಅರ್ಥ ಗೊತ್ತಿದ್ದ ಶಬ್ದಕ್ಕೂ ಆ ವಾಕ್ಯ ನೋಡುವ ರೂಢಿ ಮಾಡಿಕೊಳ್ಳಿ.

ಏಕವಚನ, ಬಹುವಚನ, ಶಬ್ದಗಳ ಸರದಿ

‘ಐದು ರೂಮು’, ‘ಹತ್ತು ಮೂಟೆ’ ಎನ್ನುವುದು ಕನ್ನಡದ ಜಾಯಮಾನ. ಸಂಖ್ಯೆಯೇ ಬಹುವಚನ ಹೇಳಿಬಿಡುತ್ತದೆ. ಇಂಗ್ಲಿಷ್ ಎರಡು ಸಲ ಹೇಳಿಸಿಕೊಳ್ಳುವ ಭಾಷೆ: ಫೈವ್ ರೂಮ್ಸ್, ಟೆನ್ ಬ್ಯಾಗ್ಸ್. ‘ಒನ್ ಆಫ್ ಮೈ’ ಎಂದ ಮೇಲೆ ಯಾವಾಗಲೂ ಬಹುವಚನ: ‘ಒನ್ ಆಫ್ ಮೈ ಫ್ರೆಂಡ್ಸ್’. ಇದಕ್ಕೆ ಸರಿಯಾಗಿ ಎದುರು, ಇನ್ಫರ್ಮೇಶನ್, ಫರ್ನಿಚರ್, ಲಗೇಜ್, ಇಕ್ವಿಪ್‌ಮೆಂಟ್, ಅಡ್ವೈಸ್, ಫೀಡ್‌ಬ್ಯಾಕ್ ಇವುಗಳಿಗೆ ‘ಎಸ್’ ಹಚ್ಚಬಾರದು. ಎಣಿಸಲೇಬೇಕಾದರೆ ‘ಟೂ ಪೀಸಸ್ ಆಫ್ ಲಗೇಜ್’ ಎನ್ನಿ.

ಪ್ರಶ್ನೆಯನ್ನು ದೊಡ್ಡ ವಾಕ್ಯದೊಳಗೆ ಇಟ್ಟಾಗ ಅದರ ಸರದಿ ಬದಲಾಗುತ್ತದೆ. ‘ವೇರ್ ಈಸ್ ದಿ ಆಫೀಸ್?’ ಸರಿ, ಆದರೆ ‘ಪ್ಲೀಸ್ ಟೆಲ್ ಮಿ ವೇರ್ ದಿ ಆಫೀಸ್ ಈಸ್’. ಒಳಗೆ ಹೋದ ಪ್ರಶ್ನೆ ಸಾದಾ ವಾಕ್ಯವಾಗಿ ನಿಲ್ಲುತ್ತದೆ.

ಮಾತಿಗೆ ಒತ್ತು ಕೊಡುವ ‘ಏ’ ಬಹಳ ಮಂದಿಯ ಇಂಗ್ಲಿಷಿನಲ್ಲಿ ‘ಓನ್ಲಿ’ ಆಗಿ ಬಾಲ ಬಿಡುತ್ತದೆ. ‘ಹಾಸನದಲ್ಲೇ ಇದ್ದೇನೆ’ ಎನ್ನುವುದು ‘ಐ ಆ್ಯಮ್ ಇನ್ ಹಾಸನ್ ಓನ್ಲಿ’. ಪತ್ರ ಬರೆಯುವಾಗ ಆ ‘ಓನ್ಲಿ’ಯನ್ನು ಹೊಡೆದುಹಾಕಿ, ನಷ್ಟವೇನಿಲ್ಲ. ‘ಸಣ್ಣ ಸಣ್ಣ ಕಲ್ಲು’ಗಳನ್ನು ‘ಸ್ಮಾಲ್ ಸ್ಮಾಲ್ ಸ್ಟೋನ್ಸ್’ ಮಾಡುವುದೂ, ಎಲ್ಲ ವಾಕ್ಯದ ಕೊನೆಗೆ ‘ಅಲ್ಲವೇ’ಗೆ ಬದಲಾಗಿ ‘ಈಸಂಟ್ ಇಟ್’ ಅಂಟಿಸುವುದೂ ಇದೇ ಜಾತಿಯವು.

ಕನ್ನಡದಲ್ಲಿ ಮಾಡಿ, ಹೋಗಿ, ನೋಡಿ, ಕೇಳಿ ಎಂದು ಪೋಣಿಸುತ್ತ ಹೋಗಿ ಕೊನೆಗೊಂದು ಕ್ರಿಯಾಪದ ಇಟ್ಟರೆ ಅರ್ಧ ಪುಟದ ವಾಕ್ಯವೂ ನಿಲ್ಲುತ್ತದೆ. ಅದೇ ಉದ್ದವನ್ನು ಇಂಗ್ಲಿಷಿಗೆ ತಂದರೆ ಕರ್ತೃ ಯಾರು ಎಂಬುದೇ ಕಳೆದುಹೋಗುತ್ತದೆ. ಎರಡು ಪೂರ್ಣ ವಾಕ್ಯಗಳ ನಡುವೆ ಕಾಮಾ ಹಾಕಿ ಮುಂದುವರಿಯುತ್ತಿದ್ದೀರಿ ಎಂದು ಕಂಡರೆ ಅಲ್ಲಿ ಫುಲ್‌ಸ್ಟಾಪ್ ಹಾಕಿ. ಅನುಮಾನ ಬಂದ ಕಡೆಯೆಲ್ಲ ಹಾಕಿ.

ಕಣ್ಣಿಗೆ ಕುಕ್ಕುವ ಸಣ್ಣಪುಟ್ಟವು

ಕನ್ನಡದಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಎಂಬ ಭೇದವಿಲ್ಲವಾದ್ದರಿಂದ ಕ್ಯಾಪಿಟಲ್ ವಿಷಯದಲ್ಲಿ ನಾವು ಉದಾರಿಗಳು. ನಾನು ಎಂಬರ್ಥದ ‘ಐ’ ಎಲ್ಲಿದ್ದರೂ ದೊಡ್ಡದು. ವಾರ, ತಿಂಗಳು, ಊರು, ಭಾಷೆಯ ಹೆಸರು ದೊಡ್ಡ ಅಕ್ಷರದಿಂದ ಶುರು. ಕಾಫಿ, ಎಸ್ಟೇಟ್, ಮ್ಯಾನೇಜರ್ ಎಂಬ ಸಾಮಾನ್ಯ ಶಬ್ದಗಳಿಗೆ ಗೌರವಕ್ಕೆಂದು ಕ್ಯಾಪಿಟಲ್ ಬೇಡ.

ಅಪಾಸ್ಟ್ರಫಿ ಬಹುವಚನದ ಗುರುತಲ್ಲ. ಹೆದ್ದಾರಿಯ ಪಕ್ಕದ ಫಲಕಗಳಲ್ಲಿ ‘ರೂಮ್ಸ್’ ಎಂಬುದರ ‘ಎಸ್’ ಮುಂಚೆ ಗಾಳಿಯಲ್ಲಿ ತೂಗುವ ಆ ಕೊಕ್ಕೆಗೆ ಅಲ್ಲಿ ಕೆಲಸವೇ ಇಲ್ಲ. ಪತ್ರದ ಕೊನೆಯ ‘ಯುವರ್ಸ್ ಫೇತ್‌ಫುಲಿ’ಯಲ್ಲೂ ಬೇಡ. ಅದು ಬೇಕಾದದ್ದು ‘ಇಟ್ ಈಸ್’ ಕುಗ್ಗಿ ‘ಇಟ್ಸ್’ ಆದಾಗ. ‘ಅದರ’ ಎಂಬರ್ಥದ ‘ಇಟ್ಸ್’ಗೆ ಬೇಡ. ಅನುಮಾನವಾದರೆ ‘ಇಟ್ ಈಸ್’ ಎಂದು ಬಿಡಿಸಿ ಓದಿ. ಅರ್ಥ ಕೂಡಿದರೆ ಕೊಕ್ಕೆ ಇರಲಿ.

ಸ್ಪೆಲಿಂಗ್ ವಿಷಯದಲ್ಲಿ ಉದ್ದ ಪಟ್ಟಿ ಕೊಟ್ಟು ದಣಿಸುವುದಿಲ್ಲ. ಹೋಂಸ್ಟೇ ನಡೆಸುವವರು ‘ಅಕಾಮಡೇಶನ್’ನಲ್ಲಿ ಎರಡು ‘ಸಿ’, ಎರಡು ‘ಎಂ’ ಇವೆ ಎಂಬುದನ್ನು ಫಲಕ ಬರೆಸುವ ಮೊದಲು ನೋಡಿಕೊಂಡರೆ ಸಾಕು. ‘ಗ್ರಾಮರ್’ ಶಬ್ದದ ಕೊನೆಯಲ್ಲಿರುವುದು ‘ಎ’ ಮತ್ತು ‘ಆರ್’. ಸಲಹೆ ಎಂಬ ನಾಮಪದಕ್ಕೆ ‘ಸಿ’, ಸಲಹೆ ಕೊಡು ಎಂಬ ಕ್ರಿಯಾಪದಕ್ಕೆ ‘ಎಸ್’.

ಕಚೇರಿಯ ಹಳೆಯ ನುಡಿಗಟ್ಟುಗಳು

‘ಕೈಂಡ್ಲಿ ಡೂ ದಿ ನೀಡ್‌ಫುಲ್’ ಎಂಬುದರಲ್ಲಿ ವ್ಯಾಕರಣ ದೋಷವಿಲ್ಲ. ದೋಷವೆಂದರೆ ಅದು ಏನನ್ನೂ ಕೇಳುವುದಿಲ್ಲ. ಏನಾಗಬೇಕು, ಯಾವಾಗ ಆಗಬೇಕು ಎಂದು ನೇರವಾಗಿ ಬರೆಯಿರಿ: ‘ಪ್ಲೀಸ್ ಸೆಂಡ್ ದಿ ಇನ್‌ವಾಯ್ಸ್ ಬೈ ಫ್ರೈಡೇ’. ‘ರಿಟರ್ನ್ ಬ್ಯಾಕ್’, ‘ರಿಪ್ಲೈ ಬ್ಯಾಕ್’ಗಳಲ್ಲಿ ‘ಬ್ಯಾಕ್’ ದಂಡ. ‘ಪಾಸ್ಡ್ ಔಟ್’ ಎಂದು ಬರೆದರೆ ವಿದೇಶದ ಓದುಗ ನೀವು ಕಾಲೇಜಿನಲ್ಲಿ ಮೂರ್ಛೆ ಹೋದಿರಿ ಎಂದುಕೊಂಡಾನು. ‘ಗ್ರ್ಯಾಜುಯೇಟೆಡ್’ ಎನ್ನಿ.

ಇಲ್ಲಿ ಒಂದು ತಕರಾರು ಬರುತ್ತದೆ, ತರಗತಿಯಲ್ಲಿ ಯಾರಾದರೊಬ್ಬರು ಎತ್ತಿಯೇ ಎತ್ತುತ್ತಾರೆ. 1908ರಲ್ಲಿ ಹಾಸನದಲ್ಲೇ ಹುಟ್ಟಿದ ರಾಜಾರಾವ್ ಕನ್ನಡದ ಲಯವನ್ನು ಬೇಕೆಂದೇ ಇಂಗ್ಲಿಷಿಗೆ ತಂದು ಕಾದಂಬರಿ ಬರೆದರು. ಹಾಸನದ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳನ್ನು ದೀಪಾ ಭಾಸ್ತಿ ಕನ್ನಡದ ಶಬ್ದಗಳನ್ನು ಉಳಿಸಿಕೊಂಡೇ ಇಂಗ್ಲಿಷಿಗೆ ತಂದರು, 2025ರ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಿತು. ಹಾಗಿರುವಾಗ ನಮ್ಮ ಕನ್ನಡದ ವಾಸನೆಯ ಇಂಗ್ಲಿಷ್ ಏಕೆ ತಪ್ಪು? ತಪ್ಪಲ್ಲ, ಸಾಹಿತ್ಯದಲ್ಲಿ. ಅವರು ಎಲ್ಲಿ ಬಗ್ಗಿಸುತ್ತಿದ್ದೇವೆ ಎಂದು ತಿಳಿದೇ ಬಗ್ಗಿಸಿದವರು. ಬ್ಯಾಂಕಿನ ವ್ಯವಸ್ಥಾಪಕರಿಗೆ ಬರೆಯುವ ಪತ್ರದಲ್ಲಿ ಆ ಸ್ವಾತಂತ್ರ್ಯ ನಮಗೆ ಬೇಕಿಲ್ಲ. ನಿಗದಿಯಾದ ದಿನಕ್ಕಿಂತ ಮೊದಲೇ ಇಟ್ಟುಕೊಳ್ಳುವುದು ಎಂಬರ್ಥದಲ್ಲಿ ನಮ್ಮಲ್ಲಿ ಬಳಕೆಯಲ್ಲಿರುವ ‘ಪ್ರೀಪೋನ್’ನಂಥ ಶಬ್ದಗಳ ಮೇಲೆ ನನಗೆ ಸಿಟ್ಟೂ ಇಲ್ಲ. ಭಾರತದೊಳಗಿನ ಪತ್ರಕ್ಕೆ ಧಾರಾಳವಾಗಿ ಬಳಸಿ.

ಒಂದು ಸಂದೇಶವನ್ನು ಹತ್ತಿರದಿಂದ ನೋಡೋಣ

ಮಲೆನಾಡಿನ ಹೋಂಸ್ಟೇಯೊಂದರ ಉತ್ತರ ಹೀಗಿರಬಹುದು:

‘ಡಿಯರ್ ಸರ್, ರೂಮ್ಸ್ ಆರ್ ದೇರ್. ವಿ ಆರ್ ಹ್ಯಾವಿಂಗ್ ಫೈವ್ ರೂಮ್. ಹಾಟ್ ವಾಟರ್ ಆಲ್ಸೋ ದೇರ್. ಫ್ರಮ್ ಹಾಸನ್ ಫಾರ್ಟಿ ಕಿಲೋಮೀಟರ್ ಓನ್ಲಿ. ಫುಡ್ ವಿ ವಿಲ್ ಗಿವ್. ಟೆಲ್ ವೆನ್ ಆರ್ ಯೂ ಕಮಿಂಗ್. ಅಡ್ವಾನ್ಸ್ ಕೈಂಡ್ಲಿ ಡೂ ದಿ ನೀಡ್‌ಫುಲ್.’

ಅತಿಥಿಗೆ ಅರ್ಥವಾಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಮೇಲೆ ಹೇಳಿದ್ದರಲ್ಲಿ ಅರ್ಧ ಇಲ್ಲಿ ಸಾಲುಗಟ್ಟಿ ನಿಂತಿದೆ. ‘ರೂಮುಗಳಿವೆ’, ‘ಬಿಸಿನೀರೂ ಇದೆ’ ಎಂಬುದರ ‘ಇದೆ’ ವಾಕ್ಯದ ಕೊನೆಗೆ ‘ದೇರ್’ ಆಗಿ ಬಂದಿದೆ. ಇಂಗ್ಲಿಷಿನಲ್ಲಿ ಅದು ವಾಕ್ಯದ ಮುಂದಕ್ಕೆ ಬಂದು ‘ದೇರ್ ಈಸ್’ ಆಗಬೇಕು, ಇಲ್ಲವೇ ‘ವಿ ಹ್ಯಾವ್’ ಎಂದು ತಿರುಗಬೇಕು. ‘ಊಟ ಕೊಡುತ್ತೇವೆ’ ಎಂಬಲ್ಲಿ ಕರ್ಮ ಮೊದಲು, ಕ್ರಿಯಾಪದ ಕೊನೆ. ಇಂಗ್ಲಿಷಿನಲ್ಲಿ ‘ವಿ’ ಮೊದಲು, ಅದರ ಹಿಂದೆಯೇ ಕ್ರಿಯಾಪದ, ಕರ್ಮ ಆಮೇಲೆ. ಹಾಸನದಿಂದ ಎಂಬ ವಾಕ್ಯಕ್ಕೆ ಕರ್ತೃವೂ ಇಲ್ಲ, ಕ್ರಿಯಾಪದವೂ ಇಲ್ಲ. ಕನ್ನಡಕ್ಕೆ ಎರಡೂ ಬೇಡ, ಇಂಗ್ಲಿಷಿಗೆ ಎರಡೂ ಬೇಕು. ಕೊನೆಯ ಸಾಲಿನಲ್ಲಿ ಎಷ್ಟು ಮುಂಗಡ, ಹೇಗೆ ಕೊಡಬೇಕು ಎಂಬುದೇ ಇಲ್ಲ. ತಿದ್ದಿದ ಮೇಲೆ:

‘ಡಿಯರ್ ಸರ್, ಥ್ಯಾಂಕ್ ಯೂ ಫಾರ್ ಯುವರ್ ಮೆಸೇಜ್. ವಿ ಹ್ಯಾವ್ ಫೈವ್ ರೂಮ್ಸ್, ಆಲ್ ವಿತ್ ಹಾಟ್ ವಾಟರ್. ವಿ ಆರ್ ಅಬೌಟ್ ಫಾರ್ಟಿ ಕಿಲೋಮೀಟರ್ಸ್ ಫ್ರಮ್ ಹಾಸನ್. ವಿ ಸರ್ವ್ ಬ್ರೇಕ್‌ಫಾಸ್ಟ್ ಆ್ಯಂಡ್ ಡಿನ್ನರ್. ಪ್ಲೀಸ್ ಲೆಟ್ ಅಸ್ ನೋ ವೆನ್ ಯೂ ಆರ್ ಕಮಿಂಗ್. ಟು ಕನ್ಫರ್ಮ್, ಪ್ಲೀಸ್ ಪೇ ಹಾಫ್ ದಿ ರೆಂಟ್ ಇನ್ ಅಡ್ವಾನ್ಸ್.’

ಇದರಲ್ಲಿ ಕಠಿಣವಾದ ಒಂದು ಶಬ್ದವೂ ಇಲ್ಲ. ಒಳ್ಳೆಯ ಇಂಗ್ಲಿಷ್ ಎಂದರೆ ದೊಡ್ಡ ಶಬ್ದ ಎಂಬ ಭ್ರಮೆ ಹೇಗೆ ಹುಟ್ಟಿತೋ, ಸಾಲಗಾಮೆ ರಸ್ತೆಯ ಪಿ.ಜಿ.ಗಳಲ್ಲಿ ಕುಳಿತು ಪರೀಕ್ಷೆಗೆ ಓದುವ ಮಕ್ಕಳು ದಿನಕ್ಕಿಷ್ಟು ಶಬ್ದ ಎಂದು ಉರು ಹೊಡೆಯುತ್ತಾರೆ. ಆ ಹೊತ್ತಿನಲ್ಲಿ ಇಂಥ ನಾಲ್ಕು ಸಾಲು ತಿದ್ದಿದರೆ ಲಾಭ ಹೆಚ್ಚು.

ಕಳುಹಿಸುವ ಮುನ್ನ ಓದುವ ಕ್ರಮ

ಎಲ್ಲ ತಪ್ಪುಗಳನ್ನೂ ಒಂದೇ ಓದಿನಲ್ಲಿ ಹಿಡಿಯಲು ಹೋಗಬೇಡಿ. ಮೊದಲ ಸಲ ಕ್ರಿಯಾಪದಗಳನ್ನು ಮಾತ್ರ ನೋಡಿ: ಕಾಲ ಸರಿಯಿದೆಯೇ, ಕರ್ತೃವಿಗೆ ಹೊಂದುತ್ತದೆಯೇ. ಮತ್ತೊಮ್ಮೆ ನಾಮಪದಗಳನ್ನು ಮಾತ್ರ: ಆರ್ಟಿಕಲ್ ಬೇಕೇ, ಬಹುವಚನವೇ. ಕೊನೆಗೆ ಹೆಸರು, ತಾರೀಖು, ಮೊತ್ತ. ಸಾಧ್ಯವಾದರೆ ಗಟ್ಟಿಯಾಗಿ ಓದಿ, ಬಿಟ್ಟುಹೋದ ಶಬ್ದಗಳು ಕಣ್ಣಿಗಿಂತ ಬೇಗ ಕಿವಿಗೆ ಸಿಗುತ್ತವೆ. ನೋಟ್‌ಬುಕ್ಕಿನಲ್ಲಿ ನಿಮ್ಮ ಚಾಳಿಗಳು ಯಾವುವು ಎಂದು ಗೊತ್ತಾದ ಮೇಲೆ ಈ ಓದು ಬೇಗ ಮುಗಿಯುತ್ತದೆ. ‘ಹ್ಯಾಡ್’ ಕಾಟ ಇರುವವರು ‘ಹ್ಯಾಡ್’ ಒಂದನ್ನೇ ಹುಡುಕಿದರಾಯಿತು.

ಮೊಬೈಲ್ ಮತ್ತು ಕಂಪ್ಯೂಟರಿನ ತಿದ್ದುಪಡಿ ಸಾಧನಗಳನ್ನು ಬಳಸಿ, ನಂಬಿ ಕೂರಬೇಡಿ. ಭಾಷೆಯ ಆಯ್ಕೆಯಲ್ಲಿ ‘ಇಂಗ್ಲಿಷ್ (ಇಂಡಿಯಾ)’ ಎಂದು ಇಡಿ. ಅಮೆರಿಕದ ಇಂಗ್ಲಿಷ್ ಇದ್ದರೆ ‘ಕಲರ್’ ಶಬ್ದದ ‘ಯು’ ಕೆ‍ಳಗೆ ವೃಥಾ ಕೆಂಪು ಗೆರೆ ಬೀಳುತ್ತದೆ. ಸ್ಪೆಲಿಂಗ್ ಸರಿಯಿದ್ದು ಶಬ್ದವೇ ತಪ್ಪಾದಾಗ ಸಾದಾ ಸಾಧನಗಳು ಎಷ್ಟೋ ಸಲ ಸುಮ್ಮನಿರುತ್ತವೆ. ‘ಫ್ರಮ್’ ಹೋಗಿ ‘ಫಾರ್ಮ್’ ಆದದ್ದು ಹಾಗೇ ಉಳಿಯಬಹುದು. ‘ಮ್ಯಾನೇಜರ್’ ಶಬ್ದದಲ್ಲಿ ಒಂದು ‘ಎ’ ಬಿಟ್ಟರೆ ದನದ ಮೇವಿನ ಗೋದಲಿ ಎಂಬ ಅರ್ಥದ ಇನ್ನೊಂದು ಶಬ್ದವಾಗುತ್ತದೆ. ತೋಟದ ಗೋದಲಿಗೆ ರಜೆ ಕೇಳಿ ಬರೆದ ಪತ್ರ ಮೇಲಿನವರ ಕೈ ಸೇರಿದರೆ ರಜೆ ಸಿಕ್ಕರೂ ನಗೆಪಾಟಲು ತಪ್ಪದು.

ಕೃತಕ ಬುದ್ಧಿಮತ್ತೆಯ ಸಾಧನಗಳಿಗೆ ಕನ್ನಡದಲ್ಲಿ ಹೇಳಿ ಇಡೀ ಪತ್ರ ಬರೆಸಿಕೊಂಡರೆ ಪತ್ರ ಸಿಗುತ್ತದೆ, ಕಲಿಕೆ ಆಗುವುದಿಲ್ಲ. ಸಂದರ್ಶನದಲ್ಲಿ ಎದುರು ಕುಳಿತವರು ಆ ಪತ್ರದ ಒಂದು ಸಾಲು ಹಿಡಿದು ಪ್ರಶ್ನೆ ಕೇಳಿದಾಗ ಗೊತ್ತಾಗುತ್ತದೆ. ಅದರ ಬದಲು ಮೊದಲು ನೀವೇ ಬರೆಯಿರಿ. ನಂತರ ‘ತಿದ್ದಿ ಬರೆಯಬೇಡ, ಯಾವ ವಾಕ್ಯದಲ್ಲಿ ತಪ್ಪಿದೆ, ಏಕೆ ಎಂದು ಮಾತ್ರ ಹೇಳು’ ಎಂದು ಕೇಳಿ. ಅದು ತೋರಿಸಿದ ಜಾಗವನ್ನು ನಿಘಂಟು ನೋಡಿ ನೀವೇ ಸರಿಪಡಿಸಿ, ನೋಟ್‌ಬುಕ್ಕಿಗೆ ಏರಿಸಿ. ಅರ್ಜಿಯನ್ನು ಅಲ್ಲಿ ಅಂಟಿಸುವ ಮೊದಲು ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮನೆಯ ವಿಳಾಸ, ಮೊಬೈಲ್ ಸಂಖ್ಯೆ ಇವಿಷ್ಟನ್ನು ಅಳಿಸಿಬಿಡಿ.